ವಾಹನ ಮರೆಯಾದ ಮೇಲೆ ಮಾತಿನ ಗತಿ

ಶ್ರೀ ಮಂಜುನಾಥಸ್ವಾಮಿಯ ದರ್ಶನಕ್ಕಾಗಿ ಧರ್ಮಸ್ಥಳಕ್ಕೆ ಬಂದ ಯಾತ್ರಿಕರು, ಊರಿಗೆ ಮರಳುವ ಮುನ್ನ ಅಲ್ಲಿನ ಹಳೆಯ ಮೋಟಾರು ಕಾರುಗಳ ಸಂಗ್ರಹವನ್ನೂ ನೋಡಿ ಹೋಗುವುದುಂಟು. ಓಡಾಟ ನಿಲ್ಲಿಸಿದ ಕಾರನ್ನು ಒರೆಸಿ, ಹೊಳಪುಗೊಳಿಸಿ, ನೆರಳಿನಲ್ಲಿ ನಿಲ್ಲಿಸಬಹುದು. ಆದರೆ ಬಳಕೆ ತಪ್ಪಿದ ಮಾತನ್ನು ಎಲ್ಲಿ ನಿಲ್ಲಿಸುವುದು? ಮೋಟಾರು ಬರುವುದಕ್ಕೆ ಮೊದಲು ನಮ್ಮ ಹಿರಿಯರನ್ನು ಹೊತ್ತು ಸಾಗಿಸಿದ ಬಂಡಿ, ದೋಣಿ, ಹಡಗುಗಳಿಗೆ ಕನ್ನಡದಲ್ಲಿ ಹತ್ತಾರು ಹೆಸರುಗಳಿದ್ದವು. ಕೆಲವು ಬದುಕಿವೆ, ಹಲವು ಮರೆಯಾಗಿವೆ.

ದೇವರ ಸೇವೆಗೆ ಸೇರಿದ ಮಾತಿಗೆ ಆಯುಷ್ಯ ಹೆಚ್ಚು. ಕಾರ್ತಿಕದ ಲಕ್ಷದೀಪೋತ್ಸವವನ್ನು ಕಂಡ ಮಗುವಿಗೂ 'ಪಲ್ಲಕ್ಕಿ', 'ತೇರು' ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಲ್ಲಕ್ಕಿಯ ಒಡಹುಟ್ಟುಗಳಿಗೆ ಈ ಭಾಗ್ಯವಿಲ್ಲ. 'ಅಂದಣ' ಹಳೆಯ ಕಾವ್ಯಗಳಲ್ಲಿ ಉಳಿಯಿತು. 'ದಂಡಿಗೆ' ಎಂದರೆ ಇಂದು ನೆನಪಾಗುವುದು ಹರಿದಾಸರ ತಂಬೂರಿಯೇ ಹೊರತು, ಹೆಗಲ ಮೇಲೆ ಹೊರುವ ವಾಹನವಲ್ಲ. ಪಾರಸಿಯಿಂದ ಬಂದ 'ಮೇನೆ'ಯನ್ನು ಬಲ್ಲವರು ವಿರಳ. ಇಂಗ್ಲಿಷಿನ 'ಚಾರಿಯಟ್' ಕನ್ನಡಿಗರ ಬಾಯಲ್ಲಿ 'ಸಾರೋಟು' ಆಯಿತು. ಮೆರವಣಿಗೆಗಳ ದೆಸೆಯಿಂದ ಅದಿನ್ನೂ ಉಸಿರು ಹಿಡಿದಿದೆ. 'ಗಾಡಿ'ಯದು ಬೇರೆಯೇ ಜಾಣ್ಮೆ. ಎತ್ತನ್ನು ಬಿಟ್ಟು ರೈಲಿಗೆ ಹತ್ತಿತು, ಈಗ ಸ್ಕೂಟರಿಗೂ ಅದೇ ಹೆಸರು!

ನೀರಿನ ಮೇಲಿನ ಮಾತುಗಳ ಕಥೆ ಇನ್ನೂ ಸ್ವಾರಸ್ಯಕರವಾದುದು. ಧರ್ಮಸ್ಥಳದ ಬಳಿ ಹರಿಯುವ ನೇತ್ರಾವತಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಮೂಲಕ ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಘಟ್ಟದ ಮೇಲಿನ ಮೈಸೂರು ಸೀಮೆಯ ಸರಕು ಕರಾವಳಿಗೆ ಇಳಿಯುವ ದಾರಿಯಲ್ಲಿ ಬಂಟ್ವಾಳವು ಹಿಂದೆ ಹೆಸರಾಂತ ವ್ಯಾಪಾರಸ್ಥಳವಾಗಿತ್ತು. ಈ ನದಿಯ ಇಕ್ಕೆಲಗಳ ತುಳುವರು ದೋಣಿಯನ್ನು 'ಓಡ' ಎನ್ನುತ್ತಾರೆ. ಹಳಗನ್ನಡದ 'ಪಡಗು' ಪಕಾರವನ್ನು ಕಳೆದುಕೊಂಡು 'ಹಡಗು' ಆಯಿತು. ತುಳುವಿನ 'ಪಡವು' ಮಾತ್ರ ಆ ಪ್ರಾಚೀನ ಪಕಾರವನ್ನು ಇಂದಿಗೂ ಕಾಪಾಡಿಕೊಂಡಿದೆ. ಸಂಸ್ಕೃತದ 'ವಹಿತ್ರ'ದಿಂದ ಬಂದ 'ಭೈತ್ರ'ಕ್ಕೂ ಹಡಗೆಂದೇ ಅರ್ಥ. ಅದೀಗ ನಿಘಂಟಿನ ನಿವಾಸಿ.

ಕಡಲಿಗಿಳಿದರೆ 'ಮಂಜಿ', 'ಪತ್ತೇಮಾರಿ'ಗಳು ಎದುರಾಗುತ್ತವೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ, ಮಂಗಳೂರು ಹಂಚು ಇಂಥ ಹಾಯಿಹಡಗುಗಳಲ್ಲಿ ದೂರದ ಬಂದರುಗಳಿಗೆ ಪ್ರಯಾಣ ಮಾಡಿತು. ಪತ್ತೇಮಾರಿ ಎಂಬ ಹೆಸರು ಮೂಲತಃ ಹಡಗಿನದಲ್ಲ. ಕಾಗದಪತ್ರ ಹೊತ್ತು ಕಾಲ್ನಡೆಯಲ್ಲಿ ಓಡುವ ದೂತನಿಗೆ ಕೊಂಕಣಿಯಲ್ಲಿದ್ದ ಹೆಸರು ಅದು. ದೂತನ ಹೆಸರನ್ನು ಹಡಗು ಪಡೆಯಿತು. ಇಂದು ದೂತನೂ ಇಲ್ಲ, ಆ ಹಡಗೂ ಇಲ್ಲ. ಮಂಜಿ ಮಾತ್ರ ಹಾಯಿಯನ್ನು ಬಿಟ್ಟು ಯಂತ್ರವನ್ನು ಹಿಡಿದು, ಹಳೆಯ ಬಂದರಿನವರ ನಾಲಗೆಯ ಮೇಲೆ ಉಳಿದುಕೊಂಡಿತು.

ಮಾತು ಬದುಕಲು ಮತ್ತೊಂದು ದಾರಿಯುಂಟು. ಅದು ಅಲಂಕಾರದ ದಾರಿ. ಹಡಗನ್ನೇ ಹತ್ತದವರೂ 'ಆಡಳಿತದ ಚುಕ್ಕಾಣಿ' ಎಂದು ಬರೆಯುತ್ತಾರೆ. ಅರಬ್ಬಿಯ 'ಸುಕ್ಕಾನ್' ಎಂಬುದೇ ಈ ಚುಕ್ಕಾಣಿಯ ಮೂಲ. ಅರಬ್ ವರ್ತಕರೊಡನೆ ನಮ್ಮ ಕರಾವಳಿಗಿದ್ದ ಶತಮಾನಗಳ ನಂಟು ಆ ಒಂದು ಪದದಲ್ಲಿ ಅಡಗಿದೆ. ಹಾಗೆಯೇ ಎತ್ತಿನ ಬಂಡಿಯನ್ನೇ ಕಾಣದವರೂ 'ಸಂಸಾರದ ನೊಗ' ಹೊರುತ್ತಾರೆ. ಆದರೆ ಗಾಲಿ ಕಳಚದಂತೆ ಅಚ್ಚಿನ ತುದಿಗೆ ಹಾಕುವ ಮೊಳೆಯಾದ 'ಕಡೆಗೀಲು' ಏನೆಂದು ತಿಳಿಯದ ವಿದ್ಯಾರ್ಥಿಗೆ, ಅದನ್ನು ಉಪಮಾನವಾಗಿ ಬಳಸಿದ ಹಿಂದಿನವರ ಮಾತು ರುಚಿಸುವುದಾದರೂ ಹೇಗೆ? ಪದದೊಡನೆ ಪದ್ಯವೂ ಮೂಕವಾಗುತ್ತದೆ.

ದೇವರ ಸೇವೆಯೂ ದೊರೆಯದೆ, ಅಲಂಕಾರಕ್ಕೂ ಒದಗದೆ ಹೋದ ಮಾತುಗಳಿಗೆ ಬರವಣಿಗೆಯೊಂದೇ ಆಸರೆ. ಜರ್ಮನಿಯಿಂದ ಬಂದ ಕಿಟೆಲ್ಲರು ವರ್ಷಗಟ್ಟಲೆ ದುಡಿದು ಕನ್ನಡದ ಪದಗಳನ್ನು ಕೂಡಿಹಾಕಿ, 1894ರಲ್ಲಿ ಮಂಗಳೂರಿನಲ್ಲಿ ನಿಘಂಟನ್ನು ಅಚ್ಚು ಹಾಕಿಸಿದರು. ಅಂಥ ಮಹಾಕಾರ್ಯ ಎಲ್ಲರಿಗೂ ಸಾಧ್ಯವಲ್ಲ. ಆದರೆ ಬಂಡಿ ಹೂಡಿದ ಅಜ್ಜ, ದೋಣಿ ನಡೆಸಿದ ಅಂಬಿಗ ಇನ್ನೂ ನಮ್ಮ ನಡುವೆ ಇರುವಾಗ, ಅವರನ್ನು ಕೇಳಿ ಹತ್ತು ಮಾತುಗಳನ್ನು ಅರ್ಥಸಹಿತ ಬರೆದಿಡುವುದು ಯಾವ ಮನೆಯವರಿಗೂ ಭಾರವಾಗಲಾರದು.