ಕಾರ್ಮಿಕರು ಮಲಗುವ ಜಾಗವೂ ಮಾಲೀಕರ ಹೊಣೆ

ನಾಸಿಕ್: 2023ರ ಜನವರಿ 1ರಂದು ಈ ಜಿಲ್ಲೆಯ ಇಗತ್‌ಪುರಿ ಬಳಿಯ ಮುಂಢೇಗಾಂವ್ ಕಾರ್ಖಾನೆಯಲ್ಲಿ ಬೆಂಕಿ ಹೊತ್ತಿ ಕಾರ್ಮಿಕರು ಜೀವ ಕಳೆದುಕೊಂಡರು. ಅದೇ ವರ್ಷದ ಕೊನೆಯ ದಿನ, ಡಿಸೆಂಬರ್ 31ರ ನಸುಕಿನಲ್ಲಿ, ಛತ್ರಪತಿ ಸಂಭಾಜಿನಗರದ ವಾಳೂಜ್ ಎಂಐಡಿಸಿಯ ಕೈಗವಸು ಕಾರ್ಖಾನೆಗೆ ಬೆಂಕಿ ಬಿದ್ದು 6 ಮಂದಿ ಅಸುನೀಗಿದರು. ದುಡಿಯುವ ಜಾಗದಲ್ಲೇ ಅವರು ಮಲಗಿದ್ದರು.

ಉದ್ಯಮಗಳು ಮಾನವ ಹಕ್ಕುಗಳನ್ನು ಗೌರವಿಸಬೇಕೆಂದು ವಿಶ್ವಸಂಸ್ಥೆ 2011ರಲ್ಲಿ ಒಪ್ಪಿದ ಮಾರ್ಗಸೂತ್ರಗಳು ಹೇಳುತ್ತವೆ. ದೊಡ್ಡ ಕಂಪನಿ, ಸಣ್ಣ ಅಂಗಡಿ ಎಂಬ ಭೇದ ಅಲ್ಲಿಲ್ಲ. ನಮ್ಮವರ ಹೋಟೆಲು, ವರ್ಕ್‌ಶಾಪುಗಳೂ ಹೊರತಲ್ಲ.

ಊರಿನಿಂದ ಮುಂಬಯಿಗೆ ಬಂದ ಹುಡುಗರು ಹೋಟೆಲಿನಲ್ಲೇ ಮಲಗಿ, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದದ್ದು ನಮ್ಮ ಸಮಾಜದ ಚರಿತ್ರೆ. ಇಂದು ಆ ಜಾಗದಲ್ಲಿ ಪರರಾಜ್ಯದ ಬಡ ಹುಡುಗರಿದ್ದಾರೆ. ರಾತ್ರಿ ಶಟರ್ ಎಳೆಯುವ ಮುನ್ನ, ಒಳಗೆ ಮಲಗುವವರಿಗೆ ಹೊರಬರಲು ಇನ್ನೊಂದು ಬಾಗಿಲಿದೆಯೇ ಎಂದು ನೋಡೋಣ. ಸಂಘಗಳ ಮುಂದಿನ ಸಭೆಯಲ್ಲಿ ಈ ಮಾತು ಬರಲಿ.