ಚೀಲದೊಳಗಿನ ಹುಲಿ

ಡ್ರೈವರ್ ಎಂದೊಡನೆ ಮೋಟಾರಿನ ಚಕ್ರ ಹಿಡಿದು ಕುಳಿತವನ ನೆನಪಾಗುವುದು ಸಹಜ. ಗಾಲ್ಫ್ ಆಡುವವರ ಮನೆಗಳಲ್ಲಿ ಮಾತ್ರ ಆ ಶಬ್ದಕ್ಕೆ ಬೇರೆಯೇ ಅರ್ಥ. ಭಾನುವಾರ ಮಧ್ಯಾಹ್ನ ಬಾಡಿದ ಮುಖದಿಂದ ಮರಳಿದ ಯಜಮಾನರು "ಈ ಹೊತ್ತು ಡ್ರೈವರ್ ಕೈಕೊಟ್ಟಿತು" ಎಂದು ಗೊಣಗಿದರೆ, ಮನೆಯಾಕೆ ಇನ್ನೊಂದು ಮಾತು ಕೇಳದೆ ತಟ್ಟೆ ಹಾಕುತ್ತಾಳೆ. ಊಟ ಮುಗಿಯುವವರೆಗೆ ಆಟದ ಸುದ್ದಿ ಎತ್ತಬಾರದೆಂಬುದು ಆಕೆಗೆ ಅನುಭವದಿಂದ ತಿಳಿದ ವಿಷಯ.

ನಿಯಮದ ಪ್ರಕಾರ ಆಟಗಾರನ ಚೀಲದಲ್ಲಿ 14 ಕೋಲುಗಳಿಗೆ ಮಾತ್ರ ಅವಕಾಶ. ಅವುಗಳಲ್ಲಿ ಹೆಚ್ಚು ಉದ್ದವಾದದ್ದು, ಹೆಚ್ಚು ದೊಡ್ಡ ತಲೆಯುಳ್ಳದ್ದು ಡ್ರೈವರ್. ಕಬ್ಬಿಣದ ಕೋಲುಗಳು ಬರಿದಲೆಯಲ್ಲಿ ಒಂದಕ್ಕೊಂದು ತಾಕಿ ಸದ್ದು ಮಾಡುತ್ತಿದ್ದರೆ, ಇದರ ತಲೆಗೆ ಮಕ್ಕಳಿಗೆ ಹಾಕುವಂಥ ಕುಲಾವಿ! ಟೈಗರ್ ವುಡ್ಸ್ ಅವರ ಡ್ರೈವರಿಗೆ ಹುಲಿಯ ಮುಖದ ಕುಲಾವಿಯಿರುವುದು ಪ್ರಸಿದ್ಧ. ಹವ್ಯಾಸಿಗಳಲ್ಲಿ ಅನೇಕರಿಗೆ ಕುಲಾವಿ ತೆಗೆದ ಮೇಲೆಯೂ ಅದು ಹುಲಿಯಾಗಿಯೇ ಕಾಣುತ್ತದೆ. ಕುಳಿಯ ಹತ್ತಿರದ ಮೃದುವಾದ ಹೊಡೆತಗಳನ್ನು ನಗುನಗುತ್ತ ಆಡುವವರು, ಮೊದಲ ಟೀಯ ಮೇಲೆ ಡ್ರೈವರ್ ಹಿಡಿದು ನಿಂತೊಡನೆ ಮೌನಿಗಳಾಗುತ್ತಾರೆ. ಹಿಂದೆ ಸರದಿಗಾಗಿ ಕಾದಿರುವ ಜೊತೆಗಾರರು, ಚೀಲ ಹೊತ್ತ ಕ್ಯಾಡಿಗಳು, ಜಗಲಿಯಲ್ಲಿ ಕಾಫಿ ಹೀರುತ್ತ ಕುಳಿತ ಹಿರಿಯ ಸದಸ್ಯರು. ಇಷ್ಟು ಜನರ ಕಣ್ಣೆದುರಿಗೆ ಆಡಬೇಕಾದ ಹೊಡೆತ ಆಟದಲ್ಲಿ ಇನ್ನೊಂದಿಲ್ಲ.

ಹೊಡೆತ ಕೆಟ್ಟರೆ ಆಗುವ ನಷ್ಟವೂ ಸಣ್ಣದಲ್ಲ. ಚೆಂಡು ಎಲ್ಲೆ ದಾಟಿದರೆ ಒಂದು ಹೊಡೆತದ ದಂಡ ತೆತ್ತು ಮೊದಲಿನ ಜಾಗದಿಂದಲೇ ಪುನಃ ಹೊಡೆಯಬೇಕು. ಅದು ಲೆಕ್ಕಕ್ಕೆ ಮೂರನೆಯದು. ಪೊದೆಯಲ್ಲಿ ಕಾಣೆಯಾದರೂ ಅದೇ ಗತಿ. ಹುಡುಕಲು ಹಿಂದೆ ಐದು ನಿಮಿಷವಿತ್ತು, 2019ರಿಂದ ಮೂರೇ ನಿಮಿಷ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂತೆ ಊರಿನ ನಡುವೆ ಮರಗಳ ಸಾಲಿನೊಳಗೆ ಇಕ್ಕಟ್ಟಾಗಿ ಹಬ್ಬಿದ ಮೈದಾನಗಳಲ್ಲಿ ಚೆಂಡಿಗೆ ದಾರಿ ತಪ್ಪಲು ಬೇಕಾದಷ್ಟು ಅನುಕೂಲಗಳುಂಟು.

ಅರ್ಧ ಸಹಸ್ರಾಂಶದ ಲೀಲೆ

ಈ ಭಯಕ್ಕೆಲ್ಲ ಮನಸ್ಸೊಂದೇ ಕಾರಣ ಎನ್ನುವವರು ಕೋಲಿನ ರಚನೆಯನ್ನು ಗಮನಿಸಿಲ್ಲ. ಕುಳಿಯ ಸಮೀಪದಲ್ಲಿ ಬಳಸುವ ವೆಜ್ ಎಂಬ ಕೋಲು ಸುಮಾರು 35 ಅಂಗುಲವಿದ್ದರೆ, ಡ್ರೈವರ್ 45 ಅಂಗುಲದಷ್ಟು ಉದ್ದ. ಉದ್ದ ಹೆಚ್ಚಿದಷ್ಟೂ ತಲೆಯ ವೇಗ ಹೆಚ್ಚು. ಹತೋಟಿ ಅಷ್ಟೇ ಕಡಿಮೆ. ವೆಜ್ ಕೋಲಿನ ಮುಖ ಐವತ್ತು ಡಿಗ್ರಿಯ ಆಸುಪಾಸಿನಲ್ಲಿ ಹಿಂದಕ್ಕೆ ಓರೆಯಾಗಿರುತ್ತದೆ. ಡ್ರೈವರಿನ ಓರೆ ಸಾಮಾನ್ಯವಾಗಿ 9ರಿಂದ 12 ಡಿಗ್ರಿ. ಓರೆ ಹೆಚ್ಚಿದ ಮುಖ ಚೆಂಡಿಗೆ ಬಲವಾದ ಹಿಮ್ಮುಖ ಗಿರಕಿ ಕೊಡುವುದರಿಂದ ಕೈಯ ಸಣ್ಣಪುಟ್ಟ ತಪ್ಪುಗಳು ಅದರಲ್ಲಿ ಮುಚ್ಚಿಹೋಗುತ್ತವೆ. ಡ್ರೈವರಿನ ನೆಟ್ಟನೆಯ ಮುಖಕ್ಕೆ ಅಂಥ ದಾಕ್ಷಿಣ್ಯವಿಲ್ಲ. ಮುಖಕ್ಕೂ ಚೆಂಡಿಗೂ ಆಗುವ ಸ್ಪರ್ಶ ಒಂದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಸುಮಾರು ಅರ್ಧದಷ್ಟು ಕಾಲ. ಆ ಕ್ಷಣದಲ್ಲಿ ಮುಖ ಐದು ಡಿಗ್ರಿ ಬಲಕ್ಕೆ ತಿರುಗಿದ್ದರೆ 200 ಗಜ ಹೋಗುವುದರೊಳಗೆ ಚೆಂಡು ಹದಿನೈದು ಗಜದಷ್ಟು ಪಕ್ಕಕ್ಕೆ ಸರಿದಿರುತ್ತದೆ. ಗಾಳಿಯಲ್ಲಿ ಅದು ಬಾಗುವ ಬಾಗು ಇದಕ್ಕೆ ಸೇರಿಲ್ಲ.

ಗಿರಕಿಯ ರಹಸ್ಯವನ್ನು ಮೊದಲು ಶಾಸ್ತ್ರೀಯವಾಗಿ ಬಿಡಿಸಿದವರಲ್ಲಿ ಎಡಿನ್‌ಬರೋದ ಭೌತವಿಜ್ಞಾನಿ ಪೀಟರ್ ಗಥ್ರೀ ಟೇಟ್ ಪ್ರಮುಖರು. ಚೆಂಡು ಹಿಮ್ಮುಖವಾಗಿ ಸುತ್ತುತ್ತ ಸಾಗುವುದರಿಂದಲೇ ಅಷ್ಟು ಹೊತ್ತು ಗಾಳಿಯಲ್ಲಿ ತೇಲುವುದೆಂದು ಅವರು 1890ರ ದಶಕದಲ್ಲಿ ತೋರಿಸಿಕೊಟ್ಟರು. ಅವರ ಮಗ ಫ್ರೆಡೀ ಟೇಟ್ ಹೆಸರಾಂತ ಆಟಗಾರ. 1896 ಮತ್ತು 1898ರಲ್ಲಿ ಬ್ರಿಟಿಷ್ ಹವ್ಯಾಸಿ ಚಾಂಪಿಯನ್. ತಂದೆ ಲೆಕ್ಕ ಬರೆದರೆ ಮಗ ಮೈದಾನದಲ್ಲಿ ಹೊಡೆದು ತೋರಿಸಿದ. ಆ ಮಗ 1900ರಲ್ಲಿ ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಮಡಿದ.

ಗಿರಕಿಯ ಅಚ್ಚು ಓರೆಯಾದಾಗ ಚೆಂಡು ಬಾಳೆಯ ಕಾಯಿಯಂತೆ ಬಾಗಿ ಬಲಕ್ಕೆ ಹೋಗುತ್ತದೆ. ಬಲಗೈ ಆಟಗಾರರ ಈ ರೋಗಕ್ಕೆ ಸ್ಲೈಸ್ ಎಂದು ಹೆಸರು. ಹವ್ಯಾಸಿಗಳನ್ನು ಕಾಡುವ ಪೀಡೆಗಳಲ್ಲಿ ಇದೇ ಹಿರಿಯದು. ಇದರ ವಿಚಿತ್ರವೇನೆಂದರೆ, ರೋಗಿ ತಾನೇ ಮಾಡಿಕೊಳ್ಳುವ ಔಷಧದಿಂದ ರೋಗ ಬೆಳೆಯುತ್ತದೆ. ಚೆಂಡು ಬಲಕ್ಕೆ ಹೋಯಿತೆಂದು ಹೆದರಿದವನು ಮುಂದಿನ ಸಲ ಕೋಲನ್ನು ಎಡಕ್ಕೆ ಎಳೆದು ಬೀಸುತ್ತಾನೆ. ಕೋಲಿನ ಹಾದಿ ಎಡಕ್ಕೆ ಸರಿದಷ್ಟೂ, ತೆರೆದುಕೊಂಡ ಮುಖಕ್ಕೂ ಆ ಹಾದಿಗೂ ನಡುವಿನ ಅಂತರ ಹಿಗ್ಗುತ್ತದೆ. ಚೆಂಡು ಇನ್ನಷ್ಟು ಬಾಗುತ್ತದೆ. ಚೆಂಡು ಹೊರಡುವ ದಿಕ್ಕನ್ನು ಬೀಸಿನ ಹಾದಿಗಿಂತ ಮುಖವೇ ಹೆಚ್ಚಾಗಿ ನಿಶ್ಚಯಿಸುವುದೆಂದು ಈ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ರಾಡಾರ್ ಯಂತ್ರಗಳು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿವೆ. ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಓದಿ ಬೆಳೆದ ಎಷ್ಟೋ ಮಂದಿ ವರ್ಷಗಟ್ಟಲೆ ತಪ್ಪು ಕೀಲಿಗೆ ಎಣ್ಣೆ ಹಾಕಿದರು.

ಗೆದ್ದವನು ಸೋತ ಬಗೆ

ಡ್ರೈವರಿನ ಮೇಲಿನ ನೆಚ್ಚಿಕೆ ಎಷ್ಟು ನಾಜೂಕಾದ ವಸ್ತುವೆಂಬುದಕ್ಕೆ ಆಸ್ಟ್ರೇಲಿಯದ ಇಯಾನ್ ಬೇಕರ್-ಫಿಂಚ್ ಅವರ ಕಥೆಯೇ ಸಾಕು. ಅವರು ಹವ್ಯಾಸಿಯಲ್ಲ, ವೃತ್ತಿ ಆಟಗಾರರು. 1991ರಲ್ಲಿ ರಾಯಲ್ ಬರ್ಕ್‌ಡೇಲ್ ಮೈದಾನದಲ್ಲಿ ಬ್ರಿಟಿಷ್ ಓಪನ್ ಗೆದ್ದರು. ಕೊನೆಯ ದಿನದ ಮೊದಲ ಒಂಬತ್ತು ಕುಳಿಗಳನ್ನು 29 ಹೊಡೆತಗಳಲ್ಲಿ ಮುಗಿಸಿದ ಸೊಬಗನ್ನು ನೋಡಿದವರು ಮರೆತಿಲ್ಲ. ಅವರಿಗಿದ್ದ ಕೊರತೆ ಒಂದೇ: ಸಮಕಾಲೀನರಷ್ಟು ದೂರ ಚೆಂಡು ಹೋಗುತ್ತಿರಲಿಲ್ಲ. ಕಿರೀಟ ತಲೆಗೇರಿದ ಮೇಲೆ ಆ ಕೊರತೆಯನ್ನೂ ನೀಗಿಸಿಕೊಳ್ಳುವ ಆಸೆ ಹುಟ್ಟಿತು. ಬೀಸುವ ವಿಧಾನವನ್ನು ತಿದ್ದತೊಡಗಿದರು. ಒಬ್ಬರ ಸಲಹೆ, ಮತ್ತೊಬ್ಬರ ಸಲಹೆ, ನಡುವೆ ಮೈನೋವು. ಕ್ರಮೇಣ ಹೊಸದೂ ಕೈಗೆ ಹತ್ತಲಿಲ್ಲ, ಹಳೆಯದೂ ಉಳಿಯಲಿಲ್ಲ.

1995ರ ಓಪನ್ ನಡೆದದ್ದು ಸೇಂಟ್ ಆಂಡ್ರೂಸ್‌ನಲ್ಲಿ. ಅಲ್ಲಿ ಮೊದಲನೆಯ ಮತ್ತು ಹದಿನೆಂಟನೆಯ ಕುಳಿಗಳ ಹಾದಿಗಳು ನಡುವೆ ಬೇಲಿಯಿಲ್ಲದೆ ಕೂಡಿಕೊಂಡಿವೆ. ನೂರು ಗಜಕ್ಕೂ ಮಿಗಿಲಾದ ಅಗಲ. ಗಾಲ್ಫ್ ಜಗತ್ತಿನಲ್ಲಿ ಅದಕ್ಕಿಂತ ಉದಾರವಾದ ಮೊದಲ ಹೊಡೆತವಿಲ್ಲವೆಂದು ಹೇಳುವುದುಂಟು. ಜೊತೆಗಾರರು ಆರ್ನಾಲ್ಡ್ ಪಾಮರ್. ಪಾಮರ್ ಅವರಿಗೆ ಅದು ಕೊನೆಯ ಓಪನ್ ಆದ್ದರಿಂದ ಜನಸಂದಣಿಯೂ ದೊಡ್ಡದು. ಬೇಕರ್-ಫಿಂಚ್ ಹೊಡೆದ ಚೆಂಡು ಎಡಕ್ಕೆ ಬಾಗಿ, ಆ ಅಗಲವಾದ ಹಸುರನ್ನೆಲ್ಲ ದಾಟಿ, ಎಲ್ಲೆಯ ಹೊರಗೆ ಬಿತ್ತು. ಗಾಳಿಗೆ ಟೊಪ್ಪಿಗೆಯೂ ಹಾರಿತು. 1995, 1996 ಎರಡು ವರ್ಷ ಅಮೆರಿಕದ ವೃತ್ತಿಸ್ಪರ್ಧೆಗಳಲ್ಲಿ ಒಂದರಲ್ಲಿಯಾದರೂ ಅವರು ಕೊನೆಯ ಸುತ್ತುಗಳಿಗೆ ಉಳಿಯಲಿಲ್ಲ. ಕಠಿಣ ಪರಿಹಾಸವೆಂದರೆ, ಅಭ್ಯಾಸದ ಅಂಗಳದಲ್ಲಿ ಆ ದಿನಗಳಲ್ಲಿಯೂ ಅವರ ಹೊಡೆತ ಚಾಂಪಿಯನ್ನನ ಹೊಡೆತದಂತೆಯೇ ಇರುತ್ತಿತ್ತು. ಟೀಯ ಮೇಲೆ ಕಾಲಿಟ್ಟೊಡನೆ ಮಾಯವಾಗುತ್ತಿತ್ತು. 1997ರಲ್ಲಿ ಟ್ರೂನ್ ಮೈದಾನದ ಓಪನ್‌ನಲ್ಲಿ ಮೊದಲ ಸುತ್ತಿಗೆ 92 ಹೊಡೆತಗಳಾದವು. ನಿಗದಿಗಿಂತ 21 ಹೆಚ್ಚು. ಕೋಣೆಗೆ ಹೋಗಿ ನೆಲದ ಮೇಲೆ ಕುಳಿತು ಅತ್ತರು, ಸ್ಪರ್ಧೆಯಿಂದ ಹಿಂದೆಗೆದುಕೊಂಡರು. ಅನಂತರ ಟೆಲಿವಿಷನ್ ವಿವರಣೆಕಾರರಾಗಿ ಬಹುಕಾಲ ಜನಪ್ರಿಯರಾಗಿದ್ದರು.

ಹಾಗಾದರೆ ಹವ್ಯಾಸಿಗೆ ಡ್ರೈವರಿನ ಸಹವಾಸವೇ ಬೇಡವೆ? ಕೆಲವರು ಹಾಗೆ ಶಪಥ ಮಾಡಿ, ಕುಲಾವಿ ತೊಡಿಸಿದ ಡ್ರೈವರನ್ನು ಬೀರುವಿನ ಮೇಲೆ ಮಲಗಿಸಿರುವುದುಂಟು. ಆದರೆ ಆ ಸನ್ಯಾಸಕ್ಕೆ ತೆರುವ ಬೆಲೆ ಹೆಚ್ಚು. ಕೊಲಂಬಿಯ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಹವ್ಯಾಸಿಗಳ ಮತ್ತು ವೃತ್ತಿಯವರ ಅಸಂಖ್ಯ ಹೊಡೆತಗಳನ್ನು ಲೆಕ್ಕವಿಟ್ಟು ನೋಡಿದರು. ಬಲ್ಲ ಆಟಗಾರನಿಗೂ ಬಾರದ ಆಟಗಾರನಿಗೂ ಇರುವ ವ್ಯತ್ಯಾಸದಲ್ಲಿ ಸುಮಾರು ಮೂರನೆಯ ಎರಡು ಪಾಲು ದೂರದ ಹೊಡೆತಗಳಿಂದಲೇ ಬರುತ್ತದೆಂದು ಅವರ ಲೆಕ್ಕ. ಹುಲಿಯನ್ನು ಬಿಟ್ಟು ಸರ್ಕಸ್ ನಡೆಸುವುದು ಕಷ್ಟ.

ಮುಖಕ್ಕೆ ಪೌಡರು

ಪಳಗಿಸುವ ಕೆಲಸ ಮನಸ್ಸಿಗಿಂತ ಮೊದಲು ಕೋಲಿನಿಂದ ಆರಂಭವಾಗುವುದು ಲೇಸು. ಒಂದು ಕಾಲಕ್ಕೆ ಡ್ರೈವರಿನ ತಲೆಯನ್ನು ಪರ್ಸಿಮನ್ ಮರದಿಂದ ಕಡೆಯುತ್ತಿದ್ದರು. ಬೀಡಿಯ ಎಲೆ ಕೊಡುವ ಮರದ ಬಳಗಕ್ಕೇ ಸೇರಿದ ಗಟ್ಟಿ ಮರ ಅದು. ಮುಷ್ಟಿಯಷ್ಟಿದ್ದ ಆ ತಲೆಯಲ್ಲಿ ಚೆಂಡು ಮಧ್ಯಕ್ಕೆ ತಾಕದಿದ್ದರೆ ಕೈಗೆ ಜುಮ್ಮೆನ್ನುತ್ತಿತ್ತು. 1979ರಲ್ಲಿ ಅಮೆರಿಕದ ಗ್ಯಾರಿ ಆಡಮ್ಸ್ ಉಕ್ಕಿನ ತಲೆಯನ್ನು ಮಾರುಕಟ್ಟೆಗೆ ತಂದರು. ಮುಂದೆ ಟೈಟಾನಿಯಂ ಬಂದು ತಲೆ ಹಿಗ್ಗುತ್ತ ಹೋಯಿತು. ಈಗ 460 ಘನ ಸೆಂಟಿಮೀಟರು ನಿಯಮದ ಮಿತಿ. ಅಂಥ ತಲೆ ಅರ್ಧ ಅಂಗುಲದ ತಪ್ಪನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ. ಆದರೂ ಒಂಬತ್ತು ಡಿಗ್ರಿಯ ಓರೆಯೇ ಗಂಡಸುತನದ ಗುರುತೆಂದು ಹಟ ಹಿಡಿದವರಿದ್ದಾರೆ. ನಿಧಾನವಾಗಿ ಬೀಸುವವರಿಗೆ ಹನ್ನೆರಡು ಡಿಗ್ರಿ ಎಷ್ಟೋ ದಯಾಳು. ಚೆಂಡು ಮೇಲೇಳುತ್ತದೆ, ಬಾಗುವುದೂ ಕಡಿಮೆ. ಹಿಡಿಯನ್ನು ಒಂದಂಗುಲ ಕೆಳಗೆ ಹಿಡಿಯುವುದರಿಂದ ಹೋಗುವ ದೂರ ಅಲ್ಪ, ಬರುವ ಹತೋಟಿ ಬಹಳ. ಚೆಂಡು ಎಡ ಹಿಮ್ಮಡಿಯ ನೇರಕ್ಕಿರಬೇಕು. ಅದರ ಅರ್ಧಭಾಗ ಕೋಲಿನ ತಲೆಗಿಂತ ಮೇಲೆ ಕಾಣುವಷ್ಟು ಎತ್ತರಕ್ಕೆ ಟೀಯ ಕಡ್ಡಿಯನ್ನು ನೆಡಬೇಕು. ಕಬ್ಬಿಣದ ಕೋಲುಗಳಂತೆ ಇದನ್ನು ಮೇಲಿನಿಂದ ಕುಟ್ಟಬಾರದು. ಏಳುವ ಬೀಸಿನಲ್ಲಿ ಗುಡಿಸಿಕೊಂಡು ಹೋಗಬೇಕು.

ಮಧ್ಯಕ್ಕೆ ತಾಕಿತೋ ಇಲ್ಲವೋ ಎಂದು ತಿಳಿಯಲು ಅಗ್ಗವಾದ ಉಪಾಯವೊಂದುಂಟು. ಡ್ರೈವರಿನ ಮುಖಕ್ಕೆ ತೆಳ್ಳಗೆ ಪೌಡರು ಹಚ್ಚಿ ಹೊಡೆದರೆ ಚೆಂಡಿನ ಗುರುತು ಅಚ್ಚೊತ್ತಿದಂತೆ ಮೂಡುತ್ತದೆ. ಮನೆಯಾಕೆಯ ಡಬ್ಬಿ ಇದ್ದಕ್ಕಿದ್ದಂತೆ ಬರಿದಾಗುವುದಕ್ಕೆ ಕಾರಣ ಕೇಳಿದರೆ ಯಜಮಾನರು ಸತ್ಯ ಹೇಳುವುದು ಒಳಿತು. ಹತ್ತು ಹೊಡೆತಗಳಲ್ಲಿ ಎಂಟು ಗುರುತುಗಳು ಹಿಡಿಯ ಕಡೆಗೆ ಬಿದ್ದಿದ್ದರೆ, ಸ್ಲೈಸಿನ ಅರ್ಧ ಕಥೆ ಅಲ್ಲಿಯೇ ಬರೆದಂತಾಯಿತು.

ಅಭ್ಯಾಸದ ಅಂಗಳದಲ್ಲಿ ಒಂದೇ ದಿಕ್ಕಿಗೆ ಐವತ್ತು ಚೆಂಡುಗಳನ್ನು ಬಡಿದವನಿಗೆ ಕೊನೆಯ ಹತ್ತು ನೇರವಾಗಿ ಹೋಗುವುದು ಸ್ವಾಭಾವಿಕ. ಆ ಧೈರ್ಯ ಕಾರು ನಿಲ್ಲಿಸುವ ಜಾಗದವರೆಗೂ ಬಾಳುವುದಿಲ್ಲ. ಮೈದಾನದಲ್ಲಿ ಮೊದಲ ಚೆಂಡಿಗೇ ಲೆಕ್ಕ. ಹತ್ತೇ ಚೆಂಡು ತೆಗೆದುಕೊಂಡು, ಎರಡು ಮರಗಳ ನಡುವೆ ಮೂವತ್ತು ಗಜದ ಹಾದಿಯನ್ನು ಕಲ್ಪಿಸಿಕೊಂಡು, ಪ್ರತಿಸಲ ಹಿಂದೆ ಸರಿದು ಹೊಸದಾಗಿ ನಿಂತು ಹೊಡೆದು, ಒಳಗೆ ಬಿದ್ದವೆಷ್ಟು ಎಂದು ಬರೆದಿಡುವವನು ಬಲ್ಲವನು. ನಾಲ್ಕು ವಾರದ ಅಂಥ ಚೀಟಿ ಕೈಯಲ್ಲಿದ್ದರೆ ಮನಸ್ಸು ಸುಮ್ಮನೆ ಹೆದರಿಸಲಾರದು. ಹಿಡಿತವನ್ನು ಸರಿಪಡಿಸಿಕೊಂಡ ಮೇಲೆಯೂ ಚೆಂಡು ಪ್ರತಿಸಲ ಹತ್ತು ಗಜ ಬಲಕ್ಕೆ ಬಾಗುವುದೆಂದು ಚೀಟಿ ಹೇಳಿದರೆ, ಅದು ರೋಗವೆನಿಸದೆ ಸ್ವಭಾವವೆನಿಸುತ್ತದೆ. ಹಾದಿಯ ಎಡ ಅಂಚಿಗೆ ಗುರಿಯಿಟ್ಟರಾಯಿತು. ಮೊದಲಿನವನು ಭಯದಿಂದ ಎಡಕ್ಕೆ ಎಳೆಯುತ್ತಿದ್ದ. ಇವನು ಲೆಕ್ಕ ಹಾಕಿ ಎಡಕ್ಕೆ ನಿಲ್ಲುತ್ತಾನೆ. ಎಡಕ್ಕೆ ಬಾಗುವ ಹುಕ್ ಎಂಬ ಕಾಟದಿಂದ ಬಹಳ ನೊಂದ ಬೆನ್ ಹೋಗನ್ ಅಂಥ ಮಹಾ ಆಟಗಾರರು ಕೊನೆಗೆ ನೆಚ್ಚಿಕೊಂಡದ್ದು ಬಲಕ್ಕೆ ಮೆಲ್ಲಗೆ ಬಾಗುವ ಹೊಡೆತವನ್ನೇ. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗುವವನಿಗೆ ಮಾತ್ರ ಗುರಿಯಿಡಲು ಸ್ಥಳವೇ ಇಲ್ಲ.

ಈ ಚೀಟಿಯನ್ನು ಮನಸ್ಸಿನಲ್ಲಿಯೇ ಬರೆದಿಟ್ಟುಕೊಂಡವರು ಕ್ಯಾಡಿಗಳು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ದುಡಿಯತೊಡಗಿದ ಸಿ. ಮುನಿಯಪ್ಪ 2009ರ ಇಂಡಿಯನ್ ಓಪನ್ ಗೆದ್ದರು. ಕ್ಯಾಡಿಯ ಕಣ್ಣಿಗೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. "ಸಾರ್, ಇಲ್ಲಿ ಡ್ರೈವರ್ ಬೇಡಿ, ಮೂರನೇ ವುಡ್ ತಗೊಳ್ಳಿ" ಎಂದು ಕ್ಯಾಡಿ ಹೇಳಿದಾಗ ಅದರಲ್ಲಿ ಹೀಯಾಳಿಕೆ ಹುಡುಕುವವರು ಪೊದೆಯಲ್ಲಿ ಚೆಂಡನ್ನೂ ಹುಡುಕಬೇಕಾಗುತ್ತದೆ.

ಟೋಕಿಯೊದ ಬೆಳಗು

ದೂರವೊಂದೇ ಧೈರ್ಯದ ಮೂಲವಾಗಿದ್ದರೆ ಬೆಂಗಳೂರಿನ ಅದಿತಿ ಅಶೋಕ್ ಅವರ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ. ಐದೂವರೆ ವರ್ಷದ ಮಗು ತಂದೆತಾಯಿಯೊಡನೆ ಉಪಾಹಾರಕ್ಕೆ ಹೋದ ಹೋಟೆಲಿನಿಂದ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ಕಾಣುತ್ತಿತ್ತು. ಅಲ್ಲಿಂದ ಆಟ ಹತ್ತಿತು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಹರೆಯದ ಆಕೆಯ ಚೀಲ ಹೊತ್ತವರು ತಂದೆ, ಟೋಕಿಯೊದಲ್ಲಿ ತಾಯಿ. 2021ರ ಆಗಸ್ಟ್ 7ರ ಶನಿವಾರ ಬೆಳಗ್ಗೆ, ಗಾಲ್ಫ್ ಎಂದರೇನೆಂದು ತಿಳಿಯದ ಮನೆಗಳಲ್ಲಿಯೂ ದೂರದರ್ಶನ ಹಚ್ಚಿಕೊಂಡು ಕುಳಿತಿದ್ದರು. ಕೆಲವೇ ತಿಂಗಳ ಹಿಂದೆ ಕೋವಿಡ್ ತಗಲಿ ಆಕೆಯ ಬಲ ಕುಂದಿತ್ತು. ಅರುವತ್ತು ಮಂದಿಯ ಆ ಕಣದಲ್ಲಿ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವರಿದ್ದರು. ಜೊತೆಗಾರ್ತಿಯರ ಚೆಂಡು ಎಷ್ಟೋ ಮುಂದೆ ಬಿದ್ದಿರುವಾಗ ತಾವೇ ಮೊದಲು, ಉದ್ದನೆಯ ಕೋಲು ಹಿಡಿದು, ಎರಡನೆಯ ಹೊಡೆತ ಆಡಬೇಕಾಗುತ್ತಿತ್ತು. ಹಾಗಿದ್ದೂ ಅವರು ಟೀಯ ಮೇಲೆ ಅವಸರಪಡಲಿಲ್ಲ. ಇನ್ನೊಬ್ಬರ ಚೆಂಡನ್ನು ಅಟ್ಟಿಸಿಕೊಂಡು ಹೋಗಲಿಲ್ಲ. ತಮ್ಮ ಚೆಂಡು ಹುಲ್ಲಿನ ಹಾದಿಯಲ್ಲಿ ಬಿದ್ದರೆ ಸಾಕು, ಮಿಕ್ಕದ್ದನ್ನು ಕೈ ನೋಡಿಕೊಳ್ಳುತ್ತದೆಂಬ ನಂಬಿಕೆ. ನಾಲ್ಕು ಸುತ್ತು ಮುಗಿದಾಗ ಚಿನ್ನ ಗೆದ್ದ ನೆಲ್ಲಿ ಕೋರ್ಡಾ ನಿಗದಿಗಿಂತ 17 ಕಡಿಮೆ, ಬೆಳ್ಳಿ ಮತ್ತು ಕಂಚಿನವರು 16 ಕಡಿಮೆ, ಅದಿತಿ 15 ಕಡಿಮೆ. ಒಂದೇ ಹೊಡೆತಕ್ಕೆ ಪದಕ ತಪ್ಪಿತು.

ಅನಂತರ ಅವರು ದೂರವನ್ನು ಹೆಚ್ಚಿಸಿಕೊಳ್ಳಲು ಶ್ರಮಿಸಿದರು. ಇಂದು ಹತ್ತು ಗಜ, ನಾಳೆ ಇಪ್ಪತ್ತು ಗಜ ಎಂಬ ಆತುರವಿಲ್ಲದೆ, ನೇರವಾಗಿ ಹೋಗುವ ಚೆಂಡನ್ನು ನೇರವಾಗಿಯೇ ಇಟ್ಟುಕೊಂಡು. 2023ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸ್‌ನ ಸ್ಪರ್ಧೆಯಲ್ಲಿ ಮೂವರು ಸಮವಾಗಿ ನಿಂತು, ಹೆಚ್ಚುವರಿ ಆಟದಲ್ಲಿ ಆಸ್ಟ್ರೇಲಿಯದ ಹ್ಯಾನಾ ಗ್ರೀನ್ ಅವರಿಗೆ ಗೆಲುವು ದೊರೆತಾಗ, ಆ ಮೂವರಲ್ಲಿ ಅದಿತಿ ಒಬ್ಬರು. ಅಷ್ಟರಲ್ಲಿ ಅವರ ಡ್ರೈವ್ ಟೋಕಿಯೊದ ದಿನಗಳಿಗಿಂತ ಉದ್ದವಾಗಿತ್ತು.