ಮೊದಲು ನೀರು ಸಾಕಿ, ಆಮೇಲೆ ಆಕ್ಸೊಲಾಟಲ್

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಆಕ್ಸೊಲಾಟಲ್ ಎಂಬ ಹೆಸರು ಈಗ ಹೊಸದಲ್ಲ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ಬಂದ ಈ ಗುಲಾಬಿ ಪ್ರಾಣಿ ಅಲ್ಲಿಂದ ಟೀ ಶರ್ಟು, ಪೆನ್ಸಿಲ್ ಬಾಕ್ಸುಗಳ ಮೇಲೇರಿತು. ದೊಡ್ಡ ಊರುಗಳ ಅಕ್ವೇರಿಯಂ ಅಂಗಡಿಗಳಲ್ಲಿ ಜೀವಂತವಾಗಿಯೂ ಸಿಗುತ್ತದೆ. ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ ಕಡೆಯ ತೋಟದ ಮನೆಯವರಿಗೆ ‘ನಮ್ಮದು ತಂಪು ಸೀಮೆ, ಇಲ್ಲಿ ಸುಲಭವಾಗಿ ಬದುಕೀತು’ ಎನಿಸುವುದು ಸಹಜ. ಆ ಎಣಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ತಿಳಿಯದೆ ತಂದರೆ ಮೊದಲ ಬೇಸಿಗೆ ದಾಟಿಸುವುದೇ ಕಷ್ಟ.

ಆಕ್ಸೊಲಾಟಲ್ ಮೀನಲ್ಲ. ಕಪ್ಪೆಗೆ ದೂರದ ನೆಂಟನಾದ ಸಾಲಮಾಂಡರ್ ಗುಂಪಿನ ಉಭಯವಾಸಿ. ಈ ಗುಂಪು ನಮ್ಮ ಪಶ್ಚಿಮ ಘಟ್ಟದಲ್ಲಿಲ್ಲ. ಭಾರತದಲ್ಲಿ ಸಿಗುವುದು ಡಾರ್ಜಿಲಿಂಗ್ ಸುತ್ತಿನ ಪೂರ್ವ ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ. ಬೇರೆ ಸಾಲಮಾಂಡರ್‌ಗಳಲ್ಲಿ ಹಲವು ಬೆಳೆದಂತೆ ಕಿವಿರು ಕಳೆದುಕೊಂಡು ನೆಲಕ್ಕೆ ಹತ್ತುತ್ತವೆ. ಇದು ಮಾತ್ರ ಮರಿಯ ರೂಪದಲ್ಲೇ ದೊಡ್ಡದಾಗಿ, ತಲೆಯ ಇಕ್ಕೆಲದಲ್ಲಿ ಮೂರು ಮೂರು ಕವಲಿನ ಕಿವಿರು ಉಳಿಸಿಕೊಂಡು, ನೀರಿನಲ್ಲೇ ಮೊಟ್ಟೆಯಿಟ್ಟು, ನೀರಿನಲ್ಲೇ ಬಾಳು ಮುಗಿಸುತ್ತದೆ. ಕಾಲು ತುಂಡಾದರೆ ಮೂಳೆ ಸಮೇತ ಮತ್ತೆ ಬೆಳೆಸಿಕೊಳ್ಳುತ್ತದೆ. ಹೃದಯದ, ಬೆನ್ನುಹುರಿಯ ಗಾಯವನ್ನೂ ತುಂಬಿಕೊಳ್ಳುತ್ತದೆ. ಜಗತ್ತಿನ ಪ್ರಯೋಗಾಲಯಗಳು ಇದನ್ನು ಸಾಕುವುದು ಮುಖ್ಯವಾಗಿ ಈ ಗುಣಕ್ಕಾಗಿ.

ಅದರ ತವರು ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಸೊಚಿಮಿಲ್ಕೊ ಕಾಲುವೆಗಳು. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರ, ವರ್ಷವಿಡೀ ತಣ್ಣನೆಯ ನೀರು. 1860ರ ದಶಕದಲ್ಲಿ ಅಲ್ಲಿಂದ 34 ಪ್ರಾಣಿಗಳನ್ನು ಪ್ಯಾರಿಸ್‌ಗೆ ಸಾಗಿಸಿದರು. 1864ರಲ್ಲಿ ಅವುಗಳಲ್ಲಿ ಆರು ಆಗಸ್ಟ್ ದ್ಯುಮೆರಿಲ್ ಎಂಬ ಪ್ರಾಣಿಶಾಸ್ತ್ರಜ್ಞರ ಕೈ ಸೇರಿ ಸಂತಾನ ಬೆಳೆಸಿದವು. ಇಂದು ಗಾಜಿನ ತೊಟ್ಟಿಗಳಲ್ಲಿರುವ ಆಕ್ಸೊಲಾಟಲ್‌ಗಳ ವಂಶಮೂಲ ಬಹುಪಾಲು ಅಲ್ಲಿಯದು. ತವರಿನ ಕತೆ ಮಾತ್ರ ನೋವಿನದು. 1998ರ ಗಣತಿಯಲ್ಲಿ ಚದರ ಕಿಲೊಮೀಟರಿಗೆ ಸುಮಾರು 6,000 ಇದ್ದವು 2014ರ ಹೊತ್ತಿಗೆ ಬರೀ 36. ನಗರದ ಕೊಳೆ ಒಂದು ಕಾರಣ. ಜನರ ಆಹಾರಕ್ಕೆಂದು ತಂದುಬಿಟ್ಟ ಜಿಲೇಬಿ ಮೀನು ಮತ್ತು ಗೆಂಡೆ ಮೀನು ಮೊಟ್ಟೆ, ಮರಿಗಳನ್ನು ತಿಂದು ತೀರಿಸಿದ್ದು ಇನ್ನೊಂದು. ಲಕ್ಷಾಂತರ ಮನೆಗಳಲ್ಲಿ ಸಾಕುಪ್ರಾಣಿಯಾಗಿರುವ ಜೀವಿ ಕಾಡಿನಲ್ಲಿ ಅಳಿವಿನ ಅಂಚಿಗೆ ಬಂದು ನಿಂತಿದೆ.

ಇದನ್ನು ಸಾಕುವ ಕಲೆಯ ಮುಕ್ಕಾಲು ಪಾಲು ನೀರನ್ನು ಸಿದ್ಧಮಾಡುವುದರಲ್ಲೇ ಇದೆ. ಒಂದು ಪ್ರಾಣಿಗೆ ಕನಿಷ್ಠ 75 ಲೀಟರಿನ ತೊಟ್ಟಿ ಬೇಕು, 100 ದಾಟಿದರೆ ಇನ್ನೂ ಒಳ್ಳೆಯದು. ಅದರ ಹಿಕ್ಕೆ, ಮೂತ್ರದಿಂದ ನೀರಿನಲ್ಲಿ ಅಮೋನಿಯ ಸೇರುತ್ತದೆ, ಅದು ವಿಷ. ಫಿಲ್ಟರಿನ ಸ್ಪಾಂಜಿನಲ್ಲಿ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಮತ್ತೊಂದು ಬಗೆ ಅದನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಸುತ್ತದೆ. ಈ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಎಂಟು ವಾರ ಬೇಕು. ಹೆಪ್ಪು ಹಾಕಿದ ಹಾಲು ಮೊಸರಾಗುವ ತನಕ ಅಲುಗಿಸದೆ ಬಿಡುವ ತಾಳ್ಮೆ ಇಲ್ಲಿಯೂ ಬೇಕು. ಪ್ರಾಣಿ ತರುವ ಮೊದಲೇ ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಫಿಲ್ಟರ್ ಓಡಿಸಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ನೈಟ್ರೇಟ್ ಕಾಣಿಸಿಕೊಂಡರೆ ತೊಟ್ಟಿ ಸಿದ್ಧ. ಆಮೇಲೆ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಬೇಕು. ಅಂಗಡಿಯವರು ‘ಇವತ್ತೇ ತೊಟ್ಟಿ, ಇವತ್ತೇ ಪ್ರಾಣಿ’ ಎಂದು ಕೊಟ್ಟರೆ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ.

ನಮ್ಮ ಕಡೆಯ ನೀರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಪಂಚಾಯ್ತಿ ನಲ್ಲಿಯ ನೀರಿಗೆ ಬ್ಲೀಚಿಂಗ್ ಪುಡಿ ಹಾಕಿದ್ದರೆ ಕ್ಲೋರಿನ್ ತೆಗೆಯುವ ಹನಿ ಹಾಕದೆ ಬಳಸಬಾರದು. ಬೋರ್‌ವೆಲ್‌ನ ಗಡಸು ನೀರು ಆಕ್ಸೊಲಾಟಲ್‌ಗೆ ಸಾಮಾನ್ಯವಾಗಿ ಒಗ್ಗುತ್ತದೆ, ಆದರೆ ಒಂದು ದಿನ ಗಾಳಿಯಾಡಲು ಬಿಟ್ಟು, ಪರೀಕ್ಷಿಸಿ ಹಾಕಿ. ಸೂರಿನಿಂದ ಹಿಡಿದ ಮಳೆನೀರಿನಲ್ಲಿ ಖನಿಜ ತೀರಾ ಕಡಿಮೆ, ಅದನ್ನಷ್ಟೇ ನೆಚ್ಚಬೇಡಿ. ಎಲ್ಲಕ್ಕಿಂತ ದೊಡ್ಡ ಅಪಾಯ ತಾಮ್ರ. ಕಾಫಿ, ಮೆಣಸು, ಅಡಿಕೆಗೆ ನಾವು ಹೊಡೆಯುವ ಬೋರ್ಡೊ ದ್ರಾವಣದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರದ ಲವಣ. ಆಕ್ಸೊಲಾಟಲ್‌ನ ಚರ್ಮ ನೀರಿನಲ್ಲಿ ಕರಗಿದ್ದನ್ನು ಸುಲಭವಾಗಿ ಹೀರುತ್ತದೆ, ಕಿವಿರು ಹೊರಗೇ ತೆರೆದಿರುತ್ತವೆ. ಹಾಗಾಗಿ ತೋಟದ ಹೊಂಡದ ನೀರು ಬೇಡ, ತಾಮ್ರದ ಹಂಡೆಯಲ್ಲಿಟ್ಟ ನೀರು ಬೇಡ, ಔಷಧಿ ಬೆರೆಸಿದ ಬಕೆಟ್ಟು ಎಷ್ಟೇ ತೊಳೆದಿದ್ದರೂ ಬೇಡ.

ತಾಪಮಾನ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಹಿತ. 20 ದಾಟಿದರೆ ಜಾಗ್ರತೆ. 24ರ ಮೇಲೆ ದಿನಗಟ್ಟಲೆ ಉಳಿದರೆ ಮೇವು ಬಿಡುತ್ತದೆ, ರೋಗ ತಗಲುತ್ತದೆ. ಮಾಗಿಯ ಚಳಿಯಲ್ಲಿ ನಮ್ಮ ಮನೆಗಳ ನೀರು ತಾನಾಗಿಯೇ ಹದಕ್ಕೆ ಹತ್ತಿರವಿರುತ್ತದೆ. ಮಾರ್ಚ್, ಏಪ್ರಿಲ್‌ನ ಮಧ್ಯಾಹ್ನ ಬೇಲೂರು ಕಡೆಯೂ 30 ಡಿಗ್ರಿ ದಾಟುತ್ತದಲ್ಲ, ಪರೀಕ್ಷೆ ಆಗಲೇ. ನೀರಿನ ಮೇಲೆ ಬೀಸುವ ಪುಟ್ಟ ಫ್ಯಾನು ಎರಡು ಮೂರು ಡಿಗ್ರಿ ಇಳಿಸಬಲ್ಲದು. ಗಾಳಿಯಲ್ಲಿ ತೇವ ಹೆಚ್ಚಿದ ದಿನ ಅದೂ ಸೋಲುತ್ತದೆ. ಮುಚ್ಚಳ ಬಿಗಿದ ಬಾಟಲಿಯಲ್ಲಿ ಗಟ್ಟಿಯಾದ ಮಂಜುಗಡ್ಡೆ ತೇಲಿಬಿಡುವುದು ಒಂದೆರಡು ದಿನದ ಆಪತ್ತಿಗೆ ಸರಿ, ಋತುವಿಡೀ ಅದನ್ನೇ ಮಾಡಿದರೆ ತಾಪ ಏರಿಳಿದು ಪ್ರಾಣಿ ಬಳಲುತ್ತದೆ. ನನ್ನ ಅಭಿಪ್ರಾಯದಲ್ಲಿ ನೀರು ತಂಪಾಗಿಸುವ ಯಂತ್ರ, ಅಂದರೆ ಚಿಲ್ಲರ್ ಇಲ್ಲದೆ ಕರ್ನಾಟಕದಲ್ಲಿ ಇದನ್ನು ಸಾಕಲು ಹೊರಡಬಾರದು. ಮಳೆಗಾಲದಲ್ಲಿ ಕರೆಂಟು ಹೋಗುವುದು ಇಲ್ಲಿ ಮಾಮೂಲು. ಬ್ಯಾಟರಿಯ ಏರ್ ಪಂಪು ಒಂದು ಮನೆಯಲ್ಲಿರಲಿ.

ತೊಟ್ಟಿಯ ತಳಕ್ಕೆ ಜಲ್ಲಿ ಹಾಕಬಾರದು. ಬಾಯಿ ತೆರೆದು ನೀರಿನ ಸಮೇತ ಮೇವು ಎಳೆದುಕೊಳ್ಳುವಾಗ ಕಲ್ಲೂ ಒಳಗೆ ಹೋಗಿ ಕರುಳು ಕಟ್ಟುತ್ತದೆ. ಬರಿಯ ಗಾಜು ಅಥವಾ ನುಣ್ಣನೆಯ ಮರಳು ಸಾಕು. ಇದಕ್ಕೆ ಕಣ್ಣುರೆಪ್ಪೆಯಿಲ್ಲ, ಪ್ರಖರ ಬೆಳಕು ಬೇಡ. ಅಡಗಲು ಒಂದು ಮಣ್ಣಿನ ಕುಡಿಕೆ ಮಲಗಿಸಿಡಿ. ಜೊತೆಗೆ ಗೋಲ್ಡ್‌ಫಿಶ್ ಬಿಟ್ಟರೆ ಅದು ಕಿವಿರು ಕಚ್ಚುತ್ತದೆ.

ಮೇವಿನ ವಿಷಯದಲ್ಲಿ ಮಲೆನಾಡಿನವರು ಪುಣ್ಯವಂತರು: ಆಕ್ಸೊಲಾಟಲ್‌ಗೆ ಅತ್ಯುತ್ತಮ ಆಹಾರ ಎರೆಹುಳು. ದೊಡ್ಡ ಪ್ರಾಣಿಗೆ ಎರಡು ಮೂರು ದಿನಕ್ಕೊಮ್ಮೆ ಕೊಟ್ಟರೆ ಸಾಕು. ಔಷಧಿ ಹೊಡೆದ ತೋಟದ ಹುಳು ಮಾತ್ರ ಬೇಡ. ಮನೆಯ ಹಿತ್ತಿಲಲ್ಲೇ ಎರೆಗೊಬ್ಬರದ ತೊಟ್ಟಿ ಮಾಡಿಕೊಳ್ಳಿ. ಗೊಬ್ಬರದ ತೊಟ್ಟಿಯ ಸಣ್ಣ ಕೆಂಪು ಹುಳುವಿನ ಕಹಿಗೆ ಎಷ್ಟೋ ಆಕ್ಸೊಲಾಟಲ್‌ಗಳು ಮುಖ ತಿರುಗಿಸುತ್ತವೆ, ದಪ್ಪನೆಯ ಆಫ್ರಿಕನ್ ಹುಳು ವಾಸಿ.

ಕಿವಿರು ಮುಂದಕ್ಕೆ ಬಾಗಿದರೆ, ಬಾಲದ ತುದಿ ಸುರುಳಿಯಾದರೆ, ಮೈಮೇಲೆ ಬಿಳಿ ಬೂಷ್ಟು ಕಂಡರೆ ಔಷಧಿಗೆ ಓಡುವ ಮುನ್ನ ನೀರು ಪರೀಕ್ಷಿಸಿ. ಕಾರಣ ಹೆಚ್ಚಾಗಿ ಅಲ್ಲೇ ಸಿಗುತ್ತದೆ. ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬದುಕುತ್ತದೆ. ಐದನೇ ತರಗತಿಯ ಮಗು ಕೇಳಿದ್ದನ್ನು ಆ ಮಗು ಕಾಲೇಜು ಮುಗಿಸುವ ತನಕ ದೊಡ್ಡವರು ನೋಡಿಕೊಳ್ಳಬೇಕಾದೀತು.

ಕಾನೂನೂ ಇದೆ. ಅಂತರರಾಷ್ಟ್ರೀಯ ವ್ಯಾಪಾರದ ಮೇಲೆ ನಿಯಂತ್ರಣವಿರುವ ಜೀವಿಗಳ ಪಟ್ಟಿಯಲ್ಲಿ ಆಕ್ಸೊಲಾಟಲ್ ಸೇರಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಇಂಥ ಪ್ರಾಣಿಯಿದ್ದವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದ್ದು, ಸತ್ತದ್ದು, ಕೈ ಬದಲಾದದ್ದು ಎಲ್ಲವನ್ನೂ ತಿಳಿಸಬೇಕು. ಕಾಗದ ತೋರಿಸದ ಮಾರಾಟಗಾರರಿಂದ ಕೊಳ್ಳಬೇಡಿ.

ಸಾಕಿ ಸಾಕಾಯಿತೆಂದು ಬೇಲೂರಿನ ವಿಷ್ಣುಸಮುದ್ರಕ್ಕೋ ಯಗಚಿ ಹಿನ್ನೀರಿಗೋ ಬಿಡುವ ಯೋಚನೆ ಯಾರಿಗೂ ಬಾರದಿರಲಿ. ಕಪ್ಪೆಗಳ ಚರ್ಮಕ್ಕೆ ತಗಲಿ ಅವನ್ನು ಕೊಲ್ಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು ಆಕ್ಸೊಲಾಟಲ್ ಹೊತ್ತಿರಬಲ್ಲದು. ತೊಟ್ಟಿಯಿಂದ ತೆಗೆದ ನೀರನ್ನೂ ಹಳ್ಳಕ್ಕೆ ಚೆಲ್ಲಬಾರದು. ಬೇರೆಲ್ಲೂ ಇಲ್ಲದ ಎಷ್ಟೋ ಬಗೆಯ ಕಪ್ಪೆಗಳಿರುವ ಘಟ್ಟದ ಮಗ್ಗುಲಲ್ಲಿ ನಾವಿದ್ದೇವೆ. ಸಾಕಲಾಗದಿದ್ದರೆ ಸಾಕಬಲ್ಲ ಇನ್ನೊಬ್ಬರಿಗೆ ಕಾಗದ ಸಮೇತ ಒಪ್ಪಿಸಿ. ತೊಟ್ಟಿ, ಚಿಲ್ಲರ್, ತಾಳ್ಮೆ ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಈ ವರ್ಷ ಕೊಳ್ಳಬೇಡಿ. ಬದಲಿಗೆ ಮಗುವನ್ನು ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ತೋಟದ ಹಳ್ಳದ ಬಳಿ ಕರೆದೊಯ್ದು ನಮ್ಮ ಕಪ್ಪೆಗಳನ್ನು ತೋರಿಸಿ.